ತೊಟ್ಟಿ ಮನೆಯ ಮದುವೆ, ಕತ್ತಲೆ ಜಗಲಿ ಮತ್ತು ನಿಮ್ಮ ಕ್ಯಾಮೆರಾ

ಪ್ರಶ್ನೆ: ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ. ಛತ್ರ ಬೇಡ, ಊರಿನ ಮನೆಯಲ್ಲೇ ಆಗಲಿ ಅಂತ ಎಲ್ಲರೂ ಒಪ್ಪಿದ್ದಾರೆ. ನೂರು ವರ್ಷ ದಾಟಿದ ತೊಟ್ಟಿ ಮನೆ, ಹತ್ತಿರದ ನೆಂಟರಷ್ಟೇ, ಅರವತ್ತು ಎಪ್ಪತ್ತು ಜನ. ಫೋಟೊ ನೀನೇ ತೆಗಿ ಅಂತ ಅಕ್ಕ ಹಟ ಹಿಡಿದಿದ್ದಾಳೆ. ನನ್ನ ಹತ್ತಿರ ಕ್ರಾಪ್ ಸೆನ್ಸರ್ (ಒಳಗಿನ ಸೆನ್ಸರ್ ಸ್ವಲ್ಪ ಚಿಕ್ಕದಿರುವ) ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, ಒಂದು ಫ್ಲ್ಯಾಶ್ ಇದೆ. ಮನೆ ಒಳಗೆಲ್ಲ ಕತ್ತಲೆ. ದೊಡ್ಡ ಲೈಟುಗಳನ್ನು ಬಾಡಿಗೆಗೆ ತರಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಲೈಟು ತರಬೇಡಿ. ಆ ದುಡ್ಡಿನಲ್ಲಿ ಎಫ್ 1.8 ಇರುವ 35 ಎಂ.ಎಂ. ಲೆನ್ಸ್ ಒಂದನ್ನು ಬಾಡಿಗೆಗೆ ತನ್ನಿ. ಎಫ್ ಸಂಖ್ಯೆ ಕಡಿಮೆ ಇದ್ದಷ್ಟೂ ಬೆಳಕು ಹೆಚ್ಚು; ನಿಮ್ಮ ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗಿನ ಎಫ್ 5.6ಕ್ಕೆ ಹೋಲಿಸಿದರೆ ಅದು ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. 50 ಎಂ.ಎಂ. ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ನಿಮ್ಮ ಕ್ಯಾಮೆರಾದಲ್ಲಿ ಅದು ಬಿಗಿಯಾಗುತ್ತದೆ, ಚೌಕಟ್ಟಿನೊಳಗೆ ಸ್ವಲ್ಪವೇ ಹಿಡಿಸುತ್ತದೆ. ಜಗಲಿಯಲ್ಲಿ ಹಿಂದೆ ಸರಿಯೋಣ ಅಂದರೆ ಗೋಡೆ ಬೆನ್ನಿಗೆ ತಾಗುತ್ತದೆ.

ಇನ್ನು ಕತ್ತಲೆಯ ಮಾತು. ತೊಟ್ಟಿ ಮನೆ ಪೂರ್ತಿ ಕತ್ತಲೆ ಅಲ್ಲ, ಅದರ ಬೆಳಕೆಲ್ಲ ಒಂದೇ ಕಡೆಯಿಂದ ಬರುತ್ತದೆ ಅಷ್ಟೇ. ನಡುವಿನ ತೊಟ್ಟಿಯಿಂದ ಆಕಾಶದ ಬೆಳಕು ಇಳಿದು, ಸುತ್ತಲಿನ ಜಗಲಿಗೆ ಅಡ್ಡಲಾಗಿ ಬೀಳುತ್ತದೆ. ಮುಖಕ್ಕೆ ಇಷ್ಟು ಚೆನ್ನಾಗಿ ಒಪ್ಪುವ ಬೆಳಕು ಯಾವ ಸ್ಟುಡಿಯೊದಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ನಿಮ್ಮ ಅರ್ಧ ಕೆಲಸ ಮದುವೆಗೆ ಮುಂಚೆ, ಹಸೆಮಣೆ ಎಲ್ಲಿ ಹಾಕಬೇಕು ಅಂತ ತೀರ್ಮಾನ ಆಗುವಾಗಲೇ ಮುಗಿಯಬೇಕು.

ಹೋಮಕ್ಕೆ ಕೂತಾಗ ವಧೂವರರು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತಾರೆ, ಅಲ್ವಾ? ಮಂಟಪ ಪಶ್ಚಿಮದ ಜಗಲಿಯಲ್ಲಿದ್ದರೆ ಇಬ್ಬರ ಮುಖವೂ ತೊಟ್ಟಿಯ ಕಡೆಗಿರುತ್ತದೆ, ಬೆಳಕು ನೇರ ಮುಖಕ್ಕೆ ಬೀಳುತ್ತದೆ. ಅದೇ ಪೂರ್ವದ ಜಗಲಿಯಲ್ಲಿ ಕೂರಿಸಿದರೆ ಮುಖ ಗೋಡೆಗೆ, ಬೆಳಕು ಬೆನ್ನಿಗೆ. ಆಮೇಲೆ ನೀವು ಎಷ್ಟು ಒದ್ದಾಡಿದರೂ ಮುಖ ಕಪ್ಪು, ಹಿಂದಿನ ತೊಟ್ಟಿ ಬಿಳಿ. ಪುರೋಹಿತರ ಹತ್ತಿರ ಮೊದಲೇ ಕೂತು ಮಾತಾಡಿ. ಶಾಸ್ತ್ರಕ್ಕೆ ಅಡ್ಡಿಯಿಲ್ಲದ ಕಡೆ ಜಾಗ ಬದಲಿಸೋಕೆ ಬಹಳಷ್ಟು ಜನ ಖುಷಿಯಿಂದಲೇ ಒಪ್ಪುತ್ತಾರೆ, ಕೇಳುವವರೇ ಇರುವುದಿಲ್ಲ. ಮುಹೂರ್ತ ಎಷ್ಟು ಹೊತ್ತಿಗೆ ಅಂತ ತಿಳಿದುಕೊಂಡು, ಕೆಲವು ದಿನ ಮುಂಚೆ ಅದೇ ಹೊತ್ತಿಗೆ ಹೋಗಿ, ಮನೆಯವರಲ್ಲಿ ಯಾರನ್ನಾದರೂ ಮಣೆಯ ಮೇಲೆ ಕೂರಿಸಿ ಒಂದೆರಡು ಫೋಟೊ ತೆಗೆದು ನೋಡಿ.

ಮೇ ತಿಂಗಳು ಅಂದಿರಲ್ಲ, ಒಂದು ದೊಡ್ಡ ಅಪಾಯ ಇದೆ. ಮಳೆಯ ಭಯಕ್ಕೆ ತೊಟ್ಟಿಯ ಮೇಲೆ ನೀಲಿ ಟಾರ್ಪಾಲು ಎಳೆಯುತ್ತಾರೆ. ಎಳೆದರೆ ಮುಗಿಯಿತು, ಮದುಮಗಳಿಂದ ಹಿಡಿದು ಪಾಯಸದವರೆಗೆ ಎಲ್ಲ ನೀಲಿ. ಕಂಪ್ಯೂಟರಿನಲ್ಲಿ ಅದನ್ನು ಸರಿಮಾಡಲು ಹೋದರೆ ದೀಪದ ಬೆಳಕು ಬಿದ್ದ ಮುಖಗಳು ಕಿತ್ತಳೆ ಆಗುತ್ತವೆ. ಅಡಿಕೆ ಒಣಗಿಸುವಾಗ ಹೊದಿಸುವ ಪಾರದರ್ಶಕ ಶೀಟು ಮನೆಯಲ್ಲೇ ಇರಬಹುದು, ಅದನ್ನು ಕಟ್ಟಿಸಿ. ಮುಹೂರ್ತ ಮಧ್ಯಾಹ್ನದ ಹತ್ತಿರ ಇದ್ದರೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಗ ಶೀಟಿನ ಕೆಳಗೆ ತೆಳ್ಳನೆಯ ಬಿಳಿ ಪಂಚೆಗಳನ್ನು ಹರಡಿದರೆ ಬಿಸಿಲು ಮೆತ್ತಗಾಗಿ ಇಳಿಯುತ್ತದೆ. ಹೋಮದ ಹೊಗೆ ಹೋಗಲು ಬದಿಯಲ್ಲಿ ಜಾಗ ಬಿಡಲೇಬೇಕು, ಬಟ್ಟೆಯನ್ನು ಬೆಂಕಿಯಿಂದ ದೂರ ಕಟ್ಟಬೇಕು. ಅಂಗಳದಲ್ಲಿ ಅಡಿಕೆ ಸೋಗೆಯ ಚಪ್ಪರ ಹಾಕುತ್ತಾರಲ್ಲ, ಅದರ ಕೆಳಗೆ ಮುಖದ ತುಂಬಾ ಬಿಸಿಲಿನ ಚುಕ್ಕೆ ಬೀಳುತ್ತದೆ. ಊಟದ ಫೋಟೊಗೆ ಚೆಂದ, ಗುಂಪು ಫೋಟೊಗೆ ಬೇಡ.

ಫ್ಲ್ಯಾಶ್ ಚೀಲದಲ್ಲೇ ಇರಲಿ. ಮಾಡಿಗೆ ಬೌನ್ಸ್ ಮಾಡೋಣ, ಅಂದರೆ ಬೆಳಕನ್ನು ಮೇಲಕ್ಕೆ ಹೊಡೆದು ವಾಪಸ್ ಬೀಳಿಸೋಣ ಅಂದರೆ ಮೇಲೆ ಇರುವುದು ಕಪ್ಪು ಮರದ ತೊಲೆ, ಬೆಳಕನ್ನೆಲ್ಲ ಅದೇ ನುಂಗುತ್ತದೆ. ನೇರ ಹೊಡೆದರೆ ಹೋಮದ ಹೊಗೆಯೇ ಬಿಳಿ ಪರದೆಯಾಗುತ್ತದೆ. ತೀರಾ ಬೇಕಾದರೆ ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 3200 ಅಥವಾ 6400ಕ್ಕೆ ಏರಿಸಲು ಹೆದರಬೇಡಿ, ಸ್ವಲ್ಪ ಕಾಳು ಕಾಳು ಕಾಣಿಸಿದರೂ ಅಲುಗಿದ ಫೋಟೊಗಿಂತ ಅದು ಎಷ್ಟೋ ವಾಸಿ. ಶಟರ್ ವೇಗ ಸೆಕೆಂಡಿನ 1/125ಕ್ಕಿಂತ ಕೆಳಗೆ ಬೇಡ. ಎಲ್‌ಇಡಿ ಸೀರಿಯಲ್ ಲೈಟು ಹಾಕಿ ಫೋಟೊದಲ್ಲಿ ಪಟ್ಟೆ ಪಟ್ಟೆ ಬಂದರೆ ಮಾತ್ರ 1/100ಕ್ಕೆ ಇಳಿಸಿ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬಹುತೇಕ ಸರಿಹೋಗುತ್ತದೆ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲು) ತೆಗೆಯಿರಿ. ಕೆಂಪು ಕಾವಿ ನೆಲದ ಬಣ್ಣ ಗಲ್ಲದ ಕೆಳಗೆ ಬಂದು ಕೂರುತ್ತದೆ, ಅದನ್ನು ಆಮೇಲೆ ತಿದ್ದಬಹುದು. ಬ್ಯಾಟರಿಗಳನ್ನು ಹಿಂದಿನ ದಿನವೇ ಚಾರ್ಜ್ ಮಾಡಿಡಿ, ಗಾಳಿ ಮಳೆ ಬಂದರೆ ಕರೆಂಟು ಯಾವಾಗ ಬರುತ್ತದೋ ಹೇಳೋಕಾಗಲ್ಲ.

ಅಂತರಪಟ ಸರಿಯುವ ಕ್ಷಣಕ್ಕೆ ಒಂದೇ ಸರಿಯಾದ ಜಾಗ ಇರುವುದು, ಬಟ್ಟೆಯ ಅಂಚಿಗೆ ನೇರವಾಗಿ, ಪಕ್ಕದಲ್ಲಿ. ಅಲ್ಲಿ ನಿಂತರೆ ಜೀರಿಗೆ ಬೆಲ್ಲ ಹಾಕುವಾಗ ಇಬ್ಬರ ಮುಖವೂ ಸಿಗುತ್ತದೆ. ಆ ಜಾಗ ನಿಮ್ಮದು ಅಂತ ಸೋದರಮಾವನಿಗೋ ಅತ್ತೆಗೋ ಮೊದಲೇ ಹೇಳಿಡಿ. ಮಾಂಗಲ್ಯಧಾರಣೆಗೆ ಎಲ್ಲರೂ ಅಕ್ಷತೆ ಹಿಡಿದು ಮುಂದೆ ನುಗ್ಗುತ್ತಾರೆ, ಆಗ ಗಟ್ಟಿಯಾದ ಒಂದು ಸ್ಟೂಲು ಹತ್ತಿರದಲ್ಲಿರಲಿ. ಮನೆ ಮದುವೆಯಲ್ಲಿ ಎಲ್ಲರೂ ನಿಮ್ಮವರೇ, ಛತ್ರದ ಫೋಟೊಗ್ರಾಫರ್ ಥರ ‘ಇನ್ನೊಂದ್ಸಲ ಕಟ್ಟಿ’ ಅಂತ ಯಾರನ್ನೂ ನಿಲ್ಲಿಸಬೇಡಿ. ಆ ಗಳಿಗೆ ತಪ್ಪಿದರೆ ಅಜ್ಜಿಯ ಮುಖ ನೋಡಿ, ಅಲ್ಲಿ ಅದಕ್ಕಿಂತ ಒಳ್ಳೆಯ ಫೋಟೊ ಇರುತ್ತದೆ.

ಮನೆಯದೂ ಒಂದಷ್ಟು ಫೋಟೊ ತೆಗೆಯಿರಿ, ಇಂಥ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಕಂಬದ ಕೆತ್ತನೆ, ಬಾಗಿಲವಾಡ, ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲು. ಮಂಗಳೂರು ಹೆಂಚಿದ್ದರೆ ಅಟ್ಟ ಹತ್ತಿ ಅದರ ಒಳಮೈ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದು 1865ರಲ್ಲಿ. ಆ ಅಚ್ಚಿನ ಫೋಟೊ ಆಲ್ಬಮ್ಮಿನ ಮೊದಲ ಪುಟಕ್ಕೆ ಹಾಕಿ ನೋಡಿ, ಮನೆಯ ಹಿರಿಯರು ತಾವಾಗೇ ಕಥೆ ಶುರುಮಾಡುತ್ತಾರೆ.

ಪ್ರಶ್ನೆ: ನಮ್ಮ ಮನೆಯ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತೇವೆ. ಮೊಬೈಲಿನಲ್ಲಿ ತೆಗೆದರೆ ಗೆರೆಗಳು ಬಿಳಿಚಿಕೊಳ್ಳುತ್ತವೆ. ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಕೆಮ್ಮಣ್ಣು ಬಳಿದ ಗೋಡೆ ದಟ್ಟ ಬಣ್ಣ, ಅಕ್ಕಿ ಹಿಟ್ಟಿನ ಗೆರೆ ಅಚ್ಚ ಬಿಳಿ. ಗೋಡೆ ಕಪ್ಪಾಗಿದೆ ಅಂದುಕೊಂಡು ಮೊಬೈಲು ಬೆಳಕು ಜಾಸ್ತಿ ಮಾಡುತ್ತದೆ, ಗೆರೆ ಸುಟ್ಟುಹೋಗುತ್ತದೆ. ಪರದೆಯ ಮೇಲೆ ಬಿಳಿ ಗೆರೆಯನ್ನೇ ಮುಟ್ಟಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫ್ಲ್ಯಾಶ್ ಬೇಡ. ಬಾಗಿಲಿನ ಬೆಳಕು ಪಕ್ಕದಿಂದ ಬೀಳುವ ಹೊತ್ತು ನೋಡಿಕೊಳ್ಳಿ, ಆಗ ಹಿಟ್ಟಿನ ದಪ್ಪವೂ ಕಾಣುತ್ತದೆ. ಬರೆದಾದ ಮೇಲಷ್ಟೇ ಅಲ್ಲ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವಾಗಿನ ಕೈಗಳನ್ನೂ ತೆಗೆಯಿರಿ. ಆಲ್ಬಮ್ಮಿನಲ್ಲಿ ಬರೆದವರ ಹೆಸರು ಹಾಕಲು ಮರೆಯಬೇಡಿ.