ನಿಮ್ಮ ಆಫ್ರಿಕನ್ ಡೇಸಿ ಯಾವ ಮಳೆಯ ಕೂಸು?

ಈ ಸಲ ಆಫ್ರಿಕನ್ ಡೇಸಿಯ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬಂದಿವೆ. ಫೋಟೊಗಳನ್ನು ನೋಡಿದರೆ ಅವುಗಳಲ್ಲಿರುವುದು ಒಂದೇ ಗಿಡವಲ್ಲ, ನಾಲ್ಕು ಬೇರೆ ಬೇರೆ ಗಿಡಗಳು: ಆಸ್ಟಿಯೋಸ್ಪರ್ಮಮ್, ಜರ್ಬೆರಾ, ಡೈಮಾರ್ಫೋಥೀಕಾ, ಗಜೇನಿಯಾ. ನರ್ಸರಿಯವರು ಎಲ್ಲಕ್ಕೂ ಅದೇ ಹೆಸರು ಹೇಳಿ ಕೊಟ್ಟುಬಿಡುತ್ತಾರೆ. ಆರೈಕೆ ತಪ್ಪುವುದು ಅಲ್ಲಿಂದಲೇ.

ಜನವರಿಯಲ್ಲಿ ಆಫ್ರಿಕನ್ ಡೇಸಿ ಎಂದು ನೇರಳೆ ಹೂವಿನ ಗಿಡ ತಂದೆ. ಮಾರ್ಚ್‌ವರೆಗೆ ಮೈತುಂಬ ಹೂವಿತ್ತು. ಏಪ್ರಿಲ್ ಬಂದದ್ದೇ ತಡ, ಒಂದು ಮೊಗ್ಗೂ ಇಲ್ಲ. ಎಲೆಯೇನೋ ಹಸಿರಾಗಿಯೇ ಇದೆ. ದಿನಕ್ಕೆರಡು ಸಲ ನೀರು, ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡುತ್ತಿದ್ದೇನೆ. ಎಲ್ಲಿ ತಪ್ಪಿದೆ?
– ಗೃಹಿಣಿ, ವಿಜಯನಗರ, ಬೆಂಗಳೂರು

ನೀವು ತಪ್ಪು ಮಾಡಿದ್ದೀರಿ ಅನ್ನುವುದಕ್ಕಿಂತ ಗಿಡ ರಜೆ ಹಾಕಿದೆ ಅನ್ನಿ. ಫೋಟೊದಲ್ಲಿರುವುದು ಆಸ್ಟಿಯೋಸ್ಪರ್ಮಮ್. ಪೊದೆಯಂತೆ ಕವಲೊಡೆಯುವ ಗಟ್ಟಿ ಕಾಂಡ, ಕಿರಿದಾದ ಹಲ್ಲಂಚಿನ ಎಲೆ, ನಡುವೆ ನೀಲಿ ಮಿಶ್ರಿತ ಕಪ್ಪು ಬೊಟ್ಟು: ಇವೇ ಗುರುತು. ಇದರ ಮೂಲ ದಕ್ಷಿಣ ಆಫ್ರಿಕಾ. ತಂಪು ರಾತ್ರಿ, ಚುರುಕು ಬಿಸಿಲು ಎರಡೂ ಸೇರಿದಾಗಲೇ ಮೊಗ್ಗು ಕಟ್ಟುತ್ತದೆ. ಬೆಂಗಳೂರಿನ ಜನವರಿ ರಾತ್ರಿ 15–16 ಡಿಗ್ರಿಗೆ ಇಳಿಯುವುದರಿಂದ ಆಗ ಅದಕ್ಕೆ ತವರುಮನೆಗೆ ಬಂದಂತೆ. ಏಪ್ರಿಲ್‌ನಲ್ಲಿ ಹಗಲಿನ ತಾಪ 34 ಡಿಗ್ರಿ ಮುಟ್ಟುತ್ತದೆ, ರಾತ್ರಿಯೂ ಸೆಖೆ. ಆಗ ಗಿಡ ಹೂ ಬಿಡುವ ಯೋಚನೆ ಬಿಟ್ಟು ಬದುಕಿ ಉಳಿಯುವುದಷ್ಟನ್ನೇ ನೋಡಿಕೊಳ್ಳುತ್ತದೆ.

ಹೂ ನಿಂತಿತೆಂದು ನೀರು, ಗೊಬ್ಬರ ಹೆಚ್ಚಿಸುವವರೇ ಜಾಸ್ತಿ. ಬೇಸಿಗೆಯಲ್ಲಿ ಆಸ್ಟಿಯೋಸ್ಪರ್ಮಮ್ ಸಾಯುವುದು ಬಿಸಿಲಿನಿಂದಲ್ಲ, ಈ ಪ್ರೀತಿಯಿಂದ. ಬೆಚ್ಚಗಿನ ಕುಂಡದಲ್ಲಿ ಒದ್ದೆ ಮಣ್ಣು ನಿಂತರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯದೆ ಎಲೆ ಬಾಡುತ್ತದೆ, ಎಲೆ ಬಾಡಿತೆಂದು ನಾವು ಇನ್ನೊಂದು ಚೊಂಬು ನೀರು ಸುರಿಯುತ್ತೇವೆ!

ಈಗ ಹೀಗೆ ಮಾಡಿ. ಗೊಬ್ಬರ ನಿಲ್ಲಿಸಿ. ಗಿಡದ ಎತ್ತರದಲ್ಲಿ ಮೂರನೇ ಒಂದು ಪಾಲು ಕತ್ತರಿಸಿ. ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಕಡೆಗೆ ಕುಂಡ ಸರಿಸಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದೆ ಎನಿಸಿದಾಗ ಮಾತ್ರ ನೀರು ಹಾಕಿ. ಮಳೆಗಾಲದಲ್ಲಿ ಸಜ್ಜಾದ ಕೆಳಗಿರಲಿ. ದಸರಾ ಕಳೆದ ಮೇಲೆ 10 ಅಂಗುಲದ ಕುಂಡಕ್ಕೆ ಹೊಸ ಮಣ್ಣು ತುಂಬಿ: ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಆಮೇಲೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಗಬೇಕು. ಬಾಡಿದ ಹೂಗಳನ್ನು ತೊಟ್ಟಿನ ಬುಡಕ್ಕೇ ಚಿವುಟುತ್ತಿರಿ, ಬೀಜ ಕಟ್ಟಲು ಬಿಟ್ಟರೆ ಮೊಗ್ಗು ಕಡಿಮೆಯಾಗುತ್ತದೆ.

ಕತ್ತರಿಸಿದ ತುದಿಗಳನ್ನು ಎಸೆಯಬೇಡಿ. ಹೂವಿಲ್ಲದ ಮೂರಂಗುಲದ ತುದಿಗಳನ್ನು ಆರಿಸಿ, ಕೆಳಗಿನ ಎಲೆ ಕಿತ್ತು, ತೆಂಗಿನ ನಾರಿನ ಪುಡಿ ಮತ್ತು ಮರಳಿನಲ್ಲಿ ನೆಟ್ಟು ನೆರಳಲ್ಲಿಡಿ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಹಳೆಯ ಗಿಡ ಎರಡು ವರ್ಷಕ್ಕೆ ಕಟ್ಟಿಗೆಯಾಗಿ ಹೂ ಇಳಿಮುಖವಾಗುತ್ತದೆ. ನಾನಂತೂ ಪ್ರತಿ ವರ್ಷ ತುದಿ ನೆಟ್ಟು ಹೊಸ ಗಿಡ ಮಾಡಿಕೊಳ್ಳುತ್ತೇನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೂ ಕೊಯ್ಯಲು ಹೋದರೆ ಎಲ್ಲಾ ಮುದುಡಿಕೊಂಡಿರುತ್ತವೆ. ಮೋಡವಿದ್ದ ದಿನ ಅರಳುವುದೇ ಇಲ್ಲ. ರೋಗವೇ?
– ಮೈಸೂರು

ರೋಗವಲ್ಲ, ಆಸ್ಟಿಯೋಸ್ಪರ್ಮಮ್ ಗಿಡದ ಸ್ವಭಾವ. ಬೆಳಕು ಕಡಿಮೆಯಾದರೆ ಎಸಳು ಮಡಚಿ ಒಳಗಿನ ಪರಾಗವನ್ನು ಇಬ್ಬನಿ, ಮಳೆಯಿಂದ ಕಾಪಾಡಿಕೊಳ್ಳುತ್ತದೆ. ಇದರ ನೆಂಟ ಡೈಮಾರ್ಫೋಥೀಕಾದ ಬಿಳಿ ಹೂವಿನ ಜಾತಿಗೆ ‘ಮಳೆ ಡೇಸಿ’ ಎಂಬ ಹೆಸರೇ ಇದೆ. ನಡುವೆಯೂ ಗುಪ್ಪೆಯಾಗಿ ಎಸಳು ತುಂಬಿರುವ ಹೊಸ ತಳಿಗಳು ರಾತ್ರಿಯೂ ತೆರೆದಿರುತ್ತವೆ, ಸಿಕ್ಕರೆ ತನ್ನಿ. ಸಂಜೆಯ ಪೂಜೆಗೇ ಹೂ ಬೇಕಿದ್ದರೆ ಸೇವಂತಿಗೆ ಬೆಳೆಸಿ ಎನ್ನುತ್ತೇನೆ. ಅದೂ ಇದೇ ಕುಟುಂಬದ್ದೇ.

ಅಂಗಳದಲ್ಲಿ ನೆಟ್ಟ ಕೆಂಪು, ಹಳದಿ ಜರ್ಬೆರಾ ಬೇಸಿಗೆಯಲ್ಲೂ ಹೂ ಕೊಟ್ಟಿತು. ಆಷಾಢದ ಮಳೆ ಹಿಡಿದ ಮೇಲೆ ಒಂದೊಂದೇ ಗಿಡ ಬುಡದಿಂದ ಕಪ್ಪಾಗಿ, ಎಳೆದರೆ ಕೈಗೇ ಬರುತ್ತಿದೆ. ಇದೂ ಆಫ್ರಿಕನ್ ಡೇಸಿಯೇ ಅಲ್ಲವೇ?
– ಶಿರಸಿ

ಹೌದು, ಇದಕ್ಕೂ ಅದೇ ಹೆಸರು. ಆದರೆ ಹುಟ್ಟಿದ ಸೀಮೆ ಬೇರೆ. ಜರ್ಬೆರಾದ ಮೂಲ ಜಾತಿ ದಕ್ಷಿಣ ಆಫ್ರಿಕಾದ ಈಶಾನ್ಯ ಭಾಗದ ಬಾರ್ಬರ್ಟನ್ ಕಡೆಯದು. ನಮ್ಮ ಕೆಜಿಎಫ್‌ನಂತೆ ಅದೂ ಚಿನ್ನದ ಗಣಿಯ ಊರು. ಅಲ್ಲಿ ಸಂಗ್ರಹಿಸಿದ ಗಿಡಕ್ಕೆ 1880ರ ದಶಕದ ಕೊನೆಯಲ್ಲಿ ಜರ್ಬೆರಾ ಜೇಮ್ಸೋನಿ ಎಂಬ ಹೆಸರು ಪ್ರಕಟವಾಯಿತು. ಆ ಸೀಮೆಯಲ್ಲಿ ಮಳೆ ಬೀಳುವುದು ಸೆಖೆಗಾಲದಲ್ಲಿ, ಚಳಿಗಾಲ ಒಣ. ನಮ್ಮ ಕ್ರಮಕ್ಕೆ ಹತ್ತಿರ. ಅದಕ್ಕೇ ಜರ್ಬೆರಾ ನಮ್ಮ ಬೇಸಿಗೆಯನ್ನು ಆಸ್ಟಿಯೋಸ್ಪರ್ಮಮ್‌ಗಿಂತ ಚೆನ್ನಾಗಿ ತಡೆಯುತ್ತದೆ. ಹಾಗೆಂದು ಅಲ್ಲಿನ ಮಳೆ ಶಿರಸಿಯ ಮಳೆಯಲ್ಲವಲ್ಲ!

ನಿಮ್ಮ ಗಿಡಗಳಿಗೆ ಬಂದಿರುವುದು ಬುಡ ಕೊಳೆ ರೋಗ. ಎಲೆಗಳೆಲ್ಲ ಹೊರಡುವ ಗೆಡ್ಡೆಯಂಥ ಭಾಗವಿದೆಯಲ್ಲ, ಅದು ಮಣ್ಣಿನ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆಯೇ ಇರಬೇಕು. ಸಸಿ ಅಲುಗಾಡುತ್ತದೆಂದು ನಾವು ಮಣ್ಣು ಏರಿಸುತ್ತೇವೆ, ಮಳೆಯ ಹೊಡೆತಕ್ಕೂ ಮಣ್ಣು ಸಿಡಿದು ಅಲ್ಲಿ ಕೂರುತ್ತದೆ. ಒಳಗೆ ನೀರು ನಿಂತರೆ ಎರಡು ಮೂರು ದಿನದಲ್ಲಿ ಕಥೆ ಮುಗಿಯುತ್ತದೆ. ವಾಣಿಜ್ಯ ಬೆಳೆಗಾರರು ಪಾಲಿಹೌಸ್‌ನಲ್ಲಿ ಏರುಮಡಿ ಮಾಡಿ ಬೆಳೆಯುವುದರ ಹಿಂದೆ ಈ ಭಯವೂ ಇದೆ.

ಇನ್ನೂ ಗಟ್ಟಿಯಿರುವ ಗಿಡಗಳನ್ನು ಕೂಡಲೇ ಕಿತ್ತು, ಬೇರು ತೊಳೆದು, ಕಪ್ಪಾದ ಬೇರು ಕತ್ತರಿಸಿ, ಕುಂಡದಲ್ಲಿ ಹೊಸ ಮಣ್ಣಿಗೆ ಬುಡ ಮೇಲಿರುವಂತೆ ನೆಡಿ. ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 3 ಗ್ರಾಂ ಕಲಸಿ ಒಮ್ಮೆ ಬುಡಕ್ಕೆ ಹಾಕಿ. ಬುಡವೇ ಮೆತ್ತಗಾಗಿದ್ದರೆ ಔಷಧಿಯ ಖರ್ಚು ದಂಡ. ಆ ಗಿಡ, ಅದರ ಮಣ್ಣು ಎರಡನ್ನೂ ಹಿತ್ತಲಿನಿಂದಾಚೆ ಎಸೆಯಿರಿ, ಗೊಬ್ಬರ ಗುಂಡಿಗೆ ಹಾಕಬೇಡಿ. ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜರ್ಬೆರಾವನ್ನು ಕುಂಡದಲ್ಲೇ, ಜಗಲಿಯ ಅಂಚಿನಲ್ಲೇ ಇಟ್ಟುಕೊಳ್ಳುವುದು ಲೇಸು.

ಇನ್ನೊಂದು ಮಾತು. ಹೂವನ್ನು ಕತ್ತರಿಯಿಂದ ಕತ್ತರಿಸಬೇಡಿ. ತೊಟ್ಟಿನ ಬುಡ ಹಿಡಿದು ಪಕ್ಕಕ್ಕೆ ತಿರುಚಿ ಎಳೆದರೆ ಪೂರ್ತಿ ಕಿತ್ತುಬರುತ್ತದೆ. ಕತ್ತರಿಸಿದರೆ ಉಳಿಯುವ ತುಂಡು ಕೊಳೆತು ಬುಡಕ್ಕೆ ರೋಗ ದಾಟಿಸುತ್ತದೆ. ಹೂದಾನಿಯಲ್ಲೂ ಎರಡು ಮೂರು ಅಂಗುಲ ನೀರು ಸಾಕು. ತೊಟ್ಟಿನ ಮೇಲೆ ರೋಮವಿರುವುದರಿಂದ ಆಳ ನೀರಲ್ಲಿ ಬೇಗ ಕೊಳೆಯುತ್ತದೆ.

ಜರ್ಬೆರಾದ ಹೊಸ ಎಲೆ ಹಳದಿಯಾಗುತ್ತಿದೆ, ನರ ಮಾತ್ರ ಹಸಿರು. ಒಲೆ ಬೂದಿ, ಮೊಟ್ಟೆ ಚಿಪ್ಪಿನ ಪುಡಿ ಹಾಕಿದೆ, ಇನ್ನೂ ಹೆಚ್ಚಾಯಿತು. ನಮ್ಮದು ಬೋರ್‌ವೆಲ್ ನೀರು.
– ಕೋಲಾರ

ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಎಳೆಯ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಆದರೆ ಮಣ್ಣು ಕ್ಷಾರವಾದರೆ ಬೇರಿಗೆ ಅದು ಸಿಗುವುದಿಲ್ಲ. ಜರ್ಬೆರಾಕ್ಕೆ ಮಣ್ಣಿನ ರಸಸಾರ (pH) 5.5ರಿಂದ 6.5 ಇದ್ದರೆ ಹಿತ. ಗಡಸು ನೀರು ಮೊದಲೇ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತಿತ್ತು, ಅದರ ಮೇಲೆ ಬೂದಿ ಮತ್ತು ಸುಣ್ಣದಂಥ ಚಿಪ್ಪು ಸೇರಿತು. ಎರಡನ್ನೂ ಬದನೆ, ಟೊಮೆಟೊ ಗಿಡಗಳಿಗೂ ಅಳತೆ ನೋಡಿಯೇ ಹಾಕಬೇಕು, ಜರ್ಬೆರಾಕ್ಕಂತೂ ಬೇಡವೇ ಬೇಡ.

ಮೇಲಿನ ಮಣ್ಣು ಕೆರೆದು ತೆಗೆದು ಎರೆಗೊಬ್ಬರ ಹಾಕಿ. ಚೀಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಲೀಟರಿಗೆ ಅರ್ಧ ಗ್ರಾಂ ಕಲಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಳದಿಯಾದ ಹಳೆಯ ಎಲೆ ಪೂರ್ತಿ ತಿರುಗದಿದ್ದರೂ ಹೊಸದು ಹಸಿರಾಗಿ ಬರುತ್ತದೆ. ತಾರಸಿಯ ಮಳೆನೀರನ್ನು ಎರಡು ಡ್ರಮ್ ಹಿಡಿದಿಟ್ಟುಕೊಂಡರೆ ಈ ಔಷಧಿಯ ಗೊಡವೆಯೇ ಬೇಡ.

ನಿಮ್ಮ ಫೋಟೊದ ಎಲೆಯಲ್ಲಿ ಬಿಳಿ ಗೀಟುಗಳೂ ಇವೆ. ಅದು ರಂಗೋಲಿ ಹುಳು. ಗೀಟು ಬಿದ್ದ ಎಲೆ ಕಿತ್ತು ಸುಡಿ. ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ., ಜೊತೆಗೆ ಸ್ವಲ್ಪ ಸೋಪಿನ ನೀರು ಕಲಸಿ ವಾರಕ್ಕೊಮ್ಮೆ ಎಲೆಯಡಿಗೆ ಹೊಡೆಯಿರಿ. ಬಿಳಿನೊಣ, ಸಸ್ಯಹೇನಿಗೂ ಇದೇ.

ಡೈಮಾರ್ಫೋಥೀಕಾ ಬೀಜದ ಪೊಟ್ಟಣ ಒಡೆದರೆ ಅರ್ಧ ಕಡ್ಡಿಯಂಥದು, ಅರ್ಧ ಹೊಟ್ಟಿನಂತೆ ತೆಳ್ಳಗಿನದು. ಅಂಗಡಿಯವರು ಕಲಬೆರಕೆ ಮಾಡಿದ್ದಾರಾ?
– ನಿವೃತ್ತ ಶಿಕ್ಷಕರು, ಧಾರವಾಡ

ಇಲ್ಲ ಮೇಷ್ಟ್ರೇ, ಪಾಪ, ಅವರನ್ನು ಬೈಯಬೇಡಿ. ಹೂವಿನ ಅಂಚಿನ ಎಸಳುಗಳಿಂದ ಹುಟ್ಟುವ ಬೀಜ ಗಂಟುಗಂಟಾದ ಕಡ್ಡಿಯಂತೆ, ನಡುವಿನ ಬೊಟ್ಟಿನಿಂದ ಹುಟ್ಟುವುದು ರೆಕ್ಕೆಯಿರುವ ಹಾಳೆಯಂತೆ. ಡೈಮಾರ್ಫೋಥೀಕಾ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ‘ಎರಡು ರೂಪದ ಕಾಯಿ’. ಎರಡೂ ಮೊಳೆಯುತ್ತವೆ. ಹೊಟ್ಟು ಎಂದು ಊದಿಬಿಟ್ಟೀರಿ!

ಇದು ದಕ್ಷಿಣ ಆಫ್ರಿಕಾದ ನಮಾಕ್ವಾಲ್ಯಾಂಡ್ ಎಂಬ ಬರಡು ಸೀಮೆಯ ಗಿಡ. ಅಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಅಂದರೆ ನಮಗೆ ಮಳೆಗಾಲವಿರುವ ತಿಂಗಳುಗಳಲ್ಲಿ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಆ ಬಯಲೆಲ್ಲ ಕಿತ್ತಳೆ ಬಣ್ಣ. ನಮ್ಮಲ್ಲಿ ಜೂನ್‌ನಲ್ಲಿ ಬಿತ್ತಿದರೆ ಕೊಳೆಯುತ್ತದೆ. ಧಾರವಾಡದಲ್ಲಿ ಹಿಂಗಾರಿ ಬಿತ್ತನೆಯ ಹೊತ್ತಿಗೆ, ಅಕ್ಟೋಬರ್‌ನಲ್ಲಿ, ನೇರ ಮಡಿಗೇ ಬಿತ್ತಿ. ಒಂದು ಗೇಣು ಅಂತರಕ್ಕೆ ಸಸಿ ತೆಳುಗೊಳಿಸಿ. ಎರಡು ತಿಂಗಳಿಗೆ ಹೂ. ಮಾರ್ಚ್‌ಗೆ ಒಣಗುತ್ತದೆ, ಉಳಿಸಲು ಒದ್ದಾಡಬೇಡಿ, ಬೀಜ ಎತ್ತಿಟ್ಟುಕೊಳ್ಳಿ.

ಬಳ್ಳಾರಿಯ ತಾರಸಿ, ಸುಡು ಬಿಸಿಲು. ನಮಗೆ ಯಾವ ಆಫ್ರಿಕನ್ ಡೇಸಿ?
– ಬಳ್ಳಾರಿ

ಗಜೇನಿಯಾ. ನೆಲಕ್ಕಂಟಿದ ಎಲೆ, ಎಲೆಯಡಿ ಬಿಳಿ ಉಣ್ಣೆ, ಎಸಳಿಗೆ ಕಡುಬಣ್ಣದ ಪಟ್ಟೆ. ನಾಲ್ಕರಲ್ಲಿ ಬಿಸಿಲು ತಡೆಯುವುದರಲ್ಲಿ ಇದೇ ಗಟ್ಟಿ. ಮೇ ತಿಂಗಳಲ್ಲಿ ಮಧ್ಯಾಹ್ನಕ್ಕೆ ಒಂದಿಷ್ಟು ಶೇಡ್‌ನೆಟ್ ಕಟ್ಟಿ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯ ಹತ್ತಿರ ರಸ್ತೆ ಬದಿಯಲ್ಲೇ ಆಫ್ರಿಕನ್ ಡೇಸಿ ಹಾಸಿನಂತೆ ಬೆಳೆದಿದೆ, ಯಾರೂ ನೀರು ಹಾಕುವುದಿಲ್ಲ. ನಮ್ಮ ದಾವಣಗೆರೆಯಲ್ಲಿ ಯಾಕೆ ಹಾಗೆ ಬರುವುದಿಲ್ಲ?
– ದಾವಣಗೆರೆ

ಅಲ್ಲಿ ಹರಡುವ ಆಸ್ಟಿಯೋಸ್ಪರ್ಮಮ್ ಜಾತಿಗೆ ‘ಫ್ರೀವೇ ಡೇಸಿ’ ಎಂದೇ ಹೆಸರಿದೆ. ಕ್ಯಾಲಿಫೋರ್ನಿಯಾ ಕರಾವಳಿಗೂ ದಕ್ಷಿಣ ಆಫ್ರಿಕಾದ ಕೇಪ್ ಸೀಮೆಗೂ ಹವೆ ಒಂದೇ ತೆರ: ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣ, ಸಮುದ್ರದ ತಂಪು ಗಾಳಿ. ದಾವಣಗೆರೆಯಲ್ಲಿ ಇದು ಚಳಿಗಾಲದ ಅತಿಥಿಯಷ್ಟೇ. ನವೆಂಬರ್‌ನಲ್ಲಿ ಸಸಿ ತಂದು ನೆಟ್ಟು ನೋಡಿ, ಮಗಳು ರಜೆಗೆ ಬರುವ ಹೊತ್ತಿಗೆ ಹೂವಿರುತ್ತದೆ.

ಕತ್ತರಿಸಿದ ಗೆಲ್ಲುಗಳನ್ನು ಹಸುವಿಗೆ ಹಾಕಬಹುದೇ?
– ತಿಪಟೂರು

ಬೇಡ. ಡೈಮಾರ್ಫೋಥೀಕಾ, ಆಸ್ಟಿಯೋಸ್ಪರ್ಮಮ್ ಗುಂಪಿನ ಕೆಲವು ಜಾತಿಗಳಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಕುರಿ, ಮೇಕೆಗೂ ಸಿಗದಂತೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.