ಬಾರ್ ಮಿಟ್ಸ್ವಾಗೆ ರೇಷ್ಮೆ ಸೀರೆ ಉಡಬಹುದಾ?

ಮಗನ ಕ್ಲಾಸಿನ ಯಹೂದಿ ಹುಡುಗನಿಗೆ 13 ತುಂಬಿದ್ದಕ್ಕೆ ಮಾಡೋ ಬಾರ್ ಮಿಟ್ಸ್ವಾಗೆ ಮನೆಮಂದಿಗೆಲ್ಲ ಕರೆ ಬಂದಿದೆ, ಊರಿಂದ ಬಂದಿರೋ ಮಾವನವರನ್ನೂ ಕರೆದಿದ್ದಾರೆ, ರೇಷ್ಮೆ ಸೀರೆ ಉಟ್ಟರೆ ಜಾಸ್ತಿ ಆಗುತ್ತಾ, ಗಂಡಸರು ತಲೆ ಮುಚ್ಚಬೇಕಾ, ಏನು ಕೊಡೋದು ಅಂತ ಕೇಳಿದ್ದೀಯಲ್ಲ ತಂಗಿ, ಓದಿ ನಗು ಬಂತು. ನ್ಯೂಜೆರ್ಸಿಗೆ ಬಂದ ಎರಡನೇ ವರ್ಷ ನಾನೂ ಇದೇ ಗಾಬರಿಯಲ್ಲಿ ಬೀರು ಮುಂದೆ ನಿಂತಿದ್ದೆ.

ಸೀರೆ ಧಾರಾಳವಾಗಿ ಉಡು. ಶನಿವಾರ ಬೆಳಗ್ಗೆ ಸಿನಗಾಗ್ ಅನ್ನೋ ಅವರ ಪ್ರಾರ್ಥನಾ ಮಂದಿರದಲ್ಲಿ ಪ್ರಾರ್ಥನೆ ಇರುತ್ತೆ, ಭುಜ ಕಾಣಬಾರದು. ತೋಳಿಲ್ಲದ ರವಿಕೆ ಬೇಡ, ಸೆರಗು ಹೊದ್ದುಕೋ. ಆರ್ಥೊಡಾಕ್ಸ್ ಅನ್ನೋ ಕಟ್ಟಾ ಸಂಪ್ರದಾಯದ ಪಂಗಡದವರಾದರೆ ಮೊಣಕೈವರೆಗೆ ತೋಳಿರಲಿ. ಅಲ್ಲಿ ಗಂಡಸರು, ಹೆಂಗಸರು ಬೇರೆ ಬೇರೆ ಕೂರುತ್ತಾರೆ. ಚಪ್ಪಲಿ ಎಲ್ಲಿ ಬಿಡೋದು ಅಂತ ಹುಡುಕಬೇಡ, ಬಿಡೋದೇ ಬೇಡ. ಗಂಡಸರಿಗೆ ಬಾಗಿಲಲ್ಲೇ ಬುಟ್ಟಿಯಲ್ಲಿ ಕಿಪ್ಪಾ ಅನ್ನೋ ಪುಟ್ಟ ಟೋಪಿ ಇಟ್ಟಿರುತ್ತಾರೆ, ಮಗನೂ ಹಾಕಿಕೊಳ್ಳಲಿ. ಪಕ್ಕದಲ್ಲಿ ನೇತುಹಾಕಿರುವ ಬಿಳಿ ಶಾಲು, ತಲೀತ್ ಅಂತಾರೆ, ಅದನ್ನು ಮಾತ್ರ ತೆಗೆದುಕೊಳ್ಳಬೇಡಿ. ಅದು ಯಹೂದಿಗಳಿಗಷ್ಟೇ.

ಆ ಶಾಲು ನೋಡಿದಾಗೆಲ್ಲ ನನಗೆ ಅಪ್ಪ ನೆನಪಾಗುತ್ತಾರೆ. ನಾನು ಬೀರು ಮುಂದೆ ನಿಂತಿದ್ದ ಅವತ್ತು ಅವರು ಹಾಸನದಿಂದ ಬಂದು ನಮ್ಮ ಜೊತೆ ಇದ್ದರು. ಬೆಳಗ್ಗೆ ಆರಕ್ಕೇ ಸ್ನಾನ ಮಾಡಿ, ಜುಬ್ಬ ತೊಟ್ಟು, ಜರಿ ಅಂಚಿನ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು, ಉಪನಯನಕ್ಕೆ ಹೊರಟವರ ಹಾಗೆ. ನನಗೆ ಜೀವವೇ ಹೋದಂತಾಯಿತು. "ಇಲ್ಲಿ ಹೀಗೆಲ್ಲ ಬರಬಾರದಪ್ಪ" ಅಂತ ನಮ್ಮ ಯಜಮಾನರ ಸೂಟ್ ಹಾಕಿಸಿದೆ. ಪ್ಯಾಂಟು ದೊಗಳೆ. ಬೆಲ್ಟಿಗೆ ಮೊಳೆ ಬಡಿದು ಇನ್ನೊಂದು ತೂತು ಮಾಡಿದೆವು. ಅಪ್ಪ ಒಂದು ಮಾತೂ ಆಡಲಿಲ್ಲ.

ಒಳಗೆ ಹೋದರೆ ಮುಂದಿನ ಸಾಲಿನ ಮುದುಕರೆಲ್ಲ ಶಾಲು ಹೊದ್ದು ಕೂತಿದ್ದಾರೆ! ಬಿಳಿ ಬಟ್ಟೆ, ನೀಲಿ ಪಟ್ಟೆ, ನಾಲ್ಕು ಮೂಲೆಗೂ ಗಂಟು ಹಾಕಿದ ದಾರ. 13 ವರ್ಷದ ಹುಡುಗ ಬೆಳ್ಳಿ ಕಡ್ಡಿಯಲ್ಲಿ ಸಾಲು ತೋರಿಸಿಕೊಂಡು ಹೀಬ್ರೂನಲ್ಲಿ ರಾಗವಾಗಿ ಓದಿದ. ಅವರ ಧರ್ಮಗ್ರಂಥ ಟೋರಾದ ಸುರುಳಿಯನ್ನು ಉತ್ಸವಮೂರ್ತಿಯ ಹಾಗೆ ಜನರ ಮಧ್ಯೆ ಹೊತ್ತು ತಂದರು. ಜನ ಶಾಲಿನ ತುದಿಯನ್ನು ಅದಕ್ಕೆ ತಾಗಿಸಿ ಮುತ್ತಿಡುತ್ತಿದ್ದರು. ಅಪ್ಪನೂ ಎದ್ದು ನಿಂತರು. ಕೈ ತಾನಾಗಿ ಎಡ ಹೆಗಲಿಗೆ ಹೋಯಿತು, ಶಲ್ಯ ಸರಿಮಾಡಿಕೊಳ್ಳೋಕೆ. ಸಿಕ್ಕಿದ್ದು ಕೋಟು. ಕೈ ಇಳಿಸಿಬಿಟ್ಟರು.

ಕಾರಿನಲ್ಲಿ "ಹುಡುಗ ಎಲ್ಲೂ ತಡವರಿಸಲಿಲ್ಲ" ಅಂದರು, ಅಷ್ಟೇ. ಆಮೇಲೆ ಅವರು ಅಮೆರಿಕಕ್ಕೆ ಬರಲೇ ಇಲ್ಲ.

ಉಳಿದದ್ದು ಸುಲಭ. ಉಡುಗೊರೆ ದುಡ್ಡಿಗೆ ನಮ್ಮ 101, 501ರ ಹಾಗೆ ಅವರಿಗೆ 18ರ ಲೆಕ್ಕ: 36, 54, 72 ಡಾಲರ್. ಹೀಬ್ರೂನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಅಂಕಿ, 'ಜೀವ' ಅನ್ನೋ ಪದದ ಅಂಕಿಗಳನ್ನು ಕೂಡಿದರೆ 18 ಬರುತ್ತದಂತೆ. ಶನಿವಾರ ಅವರ ವಿಶ್ರಾಂತಿಯ ದಿನ, ಕತ್ತಲಾಗೋವರೆಗೆ ದುಡ್ಡು ಮುಟ್ಟೋದಿಲ್ಲ, ಕವರ್ ಸಂಜೆ ಪಾರ್ಟಿಯಲ್ಲಿ ಕೊಡು. ಫೋನ್ ಕಾರಿನಲ್ಲೇ ಇರಲಿ. ಊಟದಲ್ಲಿ ಬೇಗಲ್ ಅನ್ನೋ ಉಂಗುರದಂಥ ಬ್ರೆಡ್ ಮೇಲೆ ಕಿತ್ತಳೆ ಬಣ್ಣದ ತೆಳು ಹೋಳು ಕಂಡರೆ ಕ್ಯಾರೆಟ್ ಅಂದುಕೊಳ್ಳಬೇಡ, ಮೀನು. ಸಂಜೆಗೆ ಕಾರ್ಡಿನಲ್ಲಿ ಬರೆದ ಹಾಗೆ ಬಟ್ಟೆ. ಎಷ್ಟೋ ಕಡೆ ಹುಡುಗಿಯರು ಹೀಲ್ಸ್ ಕಳಚಿ ಕುಣಿಯಲಿ ಅಂತ ಬುಟ್ಟಿ ತುಂಬಾ ಸಾಕ್ಸ್ ಇಟ್ಟಿರುತ್ತಾರೆ!

ಮಾವನವರು ಪಂಚೆ ಉಡ್ತೀನಿ ಅಂದರೆ ಇಸ್ತ್ರಿ ಮಾಡಿಕೊಡು.