ಎಸ್ಪೋಸಿತೊ ಮನೆತನಕ್ಕೆ ಲಾಂಛನ ಉಂಟೇ?

ಪತ್ರದ ಸಾರ: ನಮ್ಮ ಅಳಿಯ ಇಟಲಿಯ ನೇಪಲ್ಸ್‌ನವರು, ಅಡ್ಡಹೆಸರು ಎಸ್ಪೋಸಿತೊ. ಜಾಲತಾಣವೊಂದರಲ್ಲಿ ಆ ಮನೆತನದ ಲಾಂಛನ, ವಂಶವೃಕ್ಷ ಮಾರಾಟಕ್ಕಿವೆ. ಮೊಮ್ಮಗುವಿಗೆ ಉಡುಗೊರೆಯಾಗಿ ತರಿಸಬಹುದೇ? ಮನೆತನದ ಮೂಲವನ್ನು ನಾವೇ ಹುಡುಕಲು ಸಾಧ್ಯವೇ? ಮಗುವಿಗೆ ಮಗಳ ಅಡ್ಡಹೆಸರನ್ನೂ ಸೇರಿಸಲು ಅಲ್ಲಿ ಅವಕಾಶವಿದೆಯೇ? — ಓದುಗರು, ಮಂಗಳೂರು

ಸಂಪಾದಕರ ಉತ್ತರ:

ಲಾಂಛನಕ್ಕೆ ದುಡ್ಡು ಕಳಿಸಬೇಡಿ. ಎಸ್ಪೋಸಿತೊ ಎಂಬ ಒಂದು ಮನೆತನವೇ ಇಲ್ಲ. ಲ್ಯಾಟಿನ್ನಿನ 'ಎಕ್ಸ್‌ಪೋಸಿತುಸ್', ಅಂದರೆ ಹೊರಗೆ ಬಿಟ್ಟುಹೋದ ಕೂಸು, ಎಂಬುದರಿಂದ ಬಂದ ಹೆಸರಿದು. ಅನಾಥಾಲಯ ಸೇರಿದ ಶಿಶುಗಳಿಗೆ ಇಡುತ್ತಿದ್ದರು. ಹಾಗಾಗಿ ಇಂದಿನ ಎಸ್ಪೋಸಿತೊಗಳ ಹಿಂದೆ ಒಬ್ಬ ಮೂಲಪುರುಷನಿಲ್ಲ, ಒಬ್ಬರಿಗೊಬ್ಬರು ಏನೂ ಆಗದ ಎಷ್ಟೋ ಕೂಸುಗಳಿದ್ದಾರೆ. ನೇಪಲ್ಸ್‌ನಲ್ಲಿ ಒಂದೇ ಓಣಿಯ ಇಬ್ಬರು ಎಸ್ಪೋಸಿತೊಗಳಿಗೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಎಲ್ಲರಿಗೂ ಸೇರಿಸಿ ಒಂದು ವಂಶವೃಕ್ಷ ಮಾರುವವರು ಮಾರುತ್ತಿರುವುದು ಬರೀ ಬಣ್ಣದ ಕಾಗದ.

ನೇಪಲ್ಸ್‌ನಲ್ಲಿ ಈ ಹೆಸರು ಇಷ್ಟೊಂದು ಹಬ್ಬಲು ಮುಖ್ಯ ಕಾರಣ ಅಲ್ಲಿನ ಫೋರ್ಚೆಲ್ಲಾ ಬಡಾವಣೆಯ ಸಾಂತಾ ಕಾಸಾ ದೆಲ್ಲ ಅನ್ನುನ್ಸಿಯಾತಾ ಎಂಬ ಅನಾಥಾಲಯ. ಅದರ ಗೋಡೆಯಲ್ಲಿ ಮರದ ಉರುಳೆಯೊಂದಿತ್ತು. ಬೀದಿಯ ಕಡೆಯಿಂದ ಕೂಸನ್ನು ಒಳಗಿಟ್ಟು ತಿರುಗಿಸಿದರೆ ಅದು ಆಲಯದೊಳಕ್ಕೆ ಬರುತ್ತಿತ್ತು, ಬಿಟ್ಟವರ ಮುಖ ಒಳಗಿನವರಿಗೆ ಕಾಣುತ್ತಿರಲಿಲ್ಲ. ಒಳಗಿದ್ದವರು ಕೂಸು ಬಂದ ಹೊತ್ತು, ಅಂದಾಜು ವಯಸ್ಸು, ಮೈಮೇಲಿನ ಬಟ್ಟೆ, ಜೊತೆಯಲ್ಲಿದ್ದ ಚೀಟಿ ಎಲ್ಲವನ್ನೂ ಬರೆದುಕೊಂಡು, ಕೊರಳಿಗೆ ಸೀಸದ ಬಿಲ್ಲೆ ಕಟ್ಟುತ್ತಿದ್ದರು. ಮುಂದೆಂದಾದರೂ ಗುರುತು ಹಿಡಿದು ಕರೆದೊಯ್ಯಬೇಕೆಂದಿದ್ದ ತಾಯಂದಿರು ಪದಕವನ್ನೋ ದೇವರ ಪಟವನ್ನೋ ಎರಡಾಗಿ ಮುರಿದು ಅರ್ಧವನ್ನು ಕೂಸಿನ ಜೊತೆ ಇಡುತ್ತಿದ್ದರು. ಉರುಳೆ ಮುಚ್ಚಿದ್ದು 1875ರಲ್ಲಿ. ಆ ಜಾಗವನ್ನು ಈಗಲೂ ನೋಡಬಹುದು.

ಅಳಿಯನ ಮನೆಯವರ ಮುಂದೆ ಈ ಮಾತೆತ್ತಲು ಮುಜುಗರ ಬೇಡ. ಉರುಳೆಯಲ್ಲಿ ಬಿಟ್ಟ ಮಕ್ಕಳೆಲ್ಲ ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿದವರಲ್ಲ. ಬರ, ರೋಗ, ಬಡತನಕ್ಕೆ ಸಿಕ್ಕಿ, ಮದುವೆಯಾದ ದಂಪತಿಗಳೂ ಮಕ್ಕಳನ್ನು ಬಿಟ್ಟದ್ದುಂಟು. ಬೇರೆ ಊರುಗಳಲ್ಲೂ ಇಂಥ ಹೆಸರುಗಳಿವೆ. ಫ್ಲಾರೆನ್ಸ್‌ನಲ್ಲಿ 1445ರಲ್ಲಿ ಬಾಗಿಲು ತೆರೆದ ಅನಾಥಾಲಯದಿಂದ ಇನ್ನೊಚೆಂತಿ ಬಂತು. ಮಿಲಾನ್‌ನಲ್ಲಿ ಆಸ್ಪತ್ರೆಯ ಲಾಂಛನದಲ್ಲಿದ್ದ ಪಾರಿವಾಳದಿಂದ ಕೊಲೊಂಬೊ, ರೋಮ್ ಸುತ್ತಮುತ್ತ ಪ್ರೊಯೆತ್ತಿ. (ಕೊಲೊಂಬೊಗಳೆಲ್ಲ ಅನಾಥಾಲಯದವರಲ್ಲ, ಆ ಹೆಸರಿಗೆ ಬೇರೆ ಮೂಲಗಳೂ ಇವೆ.)

ಹುಡುಕುವವರು ನೆನಪಿಡಬೇಕಾದ ತಿರುವು ಒಂದಿದೆ. ನೆಪೋಲಿಯನ್ನನ ತಂಗಿಯ ಗಂಡ ಜೊವಾಕಿಮ್ ಮ್ಯೂರಾ ನೇಪಲ್ಸ್‌ನ ದೊರೆಯಾಗಿದ್ದಾಗ, 1810ರ ದಶಕದ ಮೊದಲ ವರ್ಷಗಳಲ್ಲಿ, ಹೀಗೆ ಹಣೆಪಟ್ಟಿಯಂತೆ ಹೆಸರು ಅಂಟಿಸುವುದಕ್ಕೆ ತಡೆ ಬಿತ್ತು. ಆಮೇಲೆ ಬಂದ ಕೂಸುಗಳಿಗೆ ನೋಂದಣಿ ಅಧಿಕಾರಿ ತಾನೇ ಒಂದು ಅಡ್ಡಹೆಸರು ಕಟ್ಟಿ ಕೊಡುತ್ತಿದ್ದ. ಆದ್ದರಿಂದ ನಿಮ್ಮ ಅಳಿಯನ ವಂಶದಲ್ಲಿ ಉರುಳೆಯಿಂದ ಬಂದ ಪೂರ್ವಜ ಬಹುಮಟ್ಟಿಗೆ 18ನೇ ಶತಮಾನದವನು ಅಥವಾ ಅದಕ್ಕೂ ಹಿಂದಿನವನು. ಸರ್ಕಾರಿ ಜನನ-ಮರಣ ನೋಂದಣಿ ಅಲ್ಲಿ ಶುರುವಾದದ್ದೇ 1809ರಲ್ಲಿ. ಅಂದರೆ ಸರ್ಕಾರಿ ದಾಖಲೆ ಮುಗಿಯುವಲ್ಲಿಂದ ನಿಜವಾದ ಹುಡುಕಾಟ ಮೊದಲಾಗುತ್ತದೆ.

ಹೊರಡಬೇಕಾದದ್ದು ಮಾತ್ರ ಇತ್ತೀಚಿನ ತಲೆಮಾರುಗಳಿಂದಲೇ. ಅಳಿಯನ ಅಜ್ಜ ಅಥವಾ ಮುತ್ತಜ್ಜ ಹುಟ್ಟಿದ ಊರಿನ ಪುರಸಭೆಗೆ ಬರೆದು, ಜನನ ದಾಖಲೆಯ 'ಕೋಪಿಯಾ ಇಂತೆಗ್ರಾಲೆ', ಅಂದರೆ ಪೂರ್ಣ ನಕಲು ಕೇಳಿ. ಸುಮ್ಮನೆ 'ಚೆರ್ತಿಫಿಕಾತೊ' ಕೇಳಿದರೆ ತಂದೆತಾಯಿಯ ಹೆಸರಿಲ್ಲದ ಪತ್ರ ಬರುತ್ತದೆ. ತಂದೆ ಯಾರೆಂದು ಗೊತ್ತಿಲ್ಲದವರು ಹೋದಲ್ಲೆಲ್ಲ ತಲೆತಗ್ಗಿಸಬಾರದೆಂದು 1955ರ ಕಾನೂನು ಆ ವಿವರವನ್ನು ಸಾಮಾನ್ಯ ಪ್ರಮಾಣಪತ್ರಗಳಿಂದ ತೆಗೆಸಿತು. ಪೂರ್ಣ ನಕಲಿನಲ್ಲಿ ತಂದೆತಾಯಿ ಇಬ್ಬರ ಹೆಸರೂ, ಎಷ್ಟೋ ಸಲ ಅಂಚಿನಲ್ಲಿ ಮದುವೆಯ ವಿವರವೂ ಇರುತ್ತದೆ.

ಅದಕ್ಕೂ ಹಿಂದಿನದಕ್ಕೆ ಇಟಲಿಯ ಸರ್ಕಾರಿ ದಫ್ತರಖಾನೆಗಳ 'ಆಂತೆನಾತಿ' ಜಾಲತಾಣವಿದೆ, ನೋಡಲು ಶುಲ್ಕವಿಲ್ಲ. ನೇಪಲ್ಸ್‌ನ ಪುಸ್ತಕಗಳು ಮೂರು ಸಾಲಿನಲ್ಲಿ ಸಿಗುತ್ತವೆ: 1809ರಿಂದ 1815ರವರೆಗಿನ ನೆಪೋಲಿಯನ್ ಕಾಲದವು, 1816ರಿಂದ ಬೂರ್ಬನ್ ರಾಜವಂಶದ ಕಾಲದವು, 1866ರಿಂದ ಏಕೀಕೃತ ಇಟಲಿಯವು. ಹೆಚ್ಚಿನವರು ಎಡವುವುದು ಇಲ್ಲಿ. ನಗರದ ದಾಖಲೆಗಳನ್ನು ಒಟ್ಟಿಗೆ ಇಟ್ಟಿಲ್ಲ. ಮೆರ್ಕಾತೊ, ವಿಕಾರಿಯಾ, ಸ್ತೆಲ್ಲಾ ಎಂದು ಬಡಾವಣೆವಾರು ಹಂಚಿದ್ದಾರೆ. ಬಡಾವಣೆ ಗೊತ್ತಿಲ್ಲದೆ ಹೊರಟರೆ ಒಂದೊಂದು ವರ್ಷದಲ್ಲೂ ಸಾಲುಸಾಲು ಎಸ್ಪೋಸಿತೊಗಳು. ಅವರಲ್ಲಿ ಜುಸೆಪ್ಪೆಗಳೇ ಎಷ್ಟೋ! ಅಪ್ಪನ ಹೆಸರು ಹೊಂದಿದರಷ್ಟೇ ಸಾಲದು, ತಾಯಿಯ ಹೆಸರೂ ಹೊಂದಬೇಕು. ಇಟಲಿಯ ದಾಖಲೆಗಳಲ್ಲಿ ಹೆಂಗಸರು ಮದುವೆಯ ನಂತರವೂ ತವರಿನ ಅಡ್ಡಹೆಸರಿನಲ್ಲೇ ಇರುತ್ತಾರೆ, ಹಾಗಾಗಿ ಗುರುತಿಗೆ ಅಪ್ಪನಿಗಿಂತ ತಾಯಿಯೇ ಗಟ್ಟಿ.

ಎಲ್ಲಕ್ಕಿಂತ ಬೆಲೆಬಾಳುವುದು 'ಪ್ರೊಚೆಸ್ಸೆತ್ತಿ', ಮದುವೆಗೆ ಲಗತ್ತಿಸಿದ ಕಾಗದಗಳ ಕಟ್ಟು. ವಧೂವರರ ಜನನ ಅಥವಾ ಜ್ಞಾನಸ್ನಾನದ ನಕಲು ಅದರಲ್ಲಿರುತ್ತದೆ. ಅಪ್ಪ ತೀರಿಕೊಂಡಿದ್ದರೆ ಒಪ್ಪಿಗೆ ಕೊಡುವ ಹಕ್ಕು ಅಜ್ಜನದು, ಅಜ್ಜನೂ ಇಲ್ಲದಿದ್ದರೆ ಅದಕ್ಕೂ ಸಾಕ್ಷಿ ಬೇಕು. ಹೀಗಾಗಿ 1820ರ ಮದುವೆಯೊಂದರ ಕಟ್ಟಿನಲ್ಲಿ ಅಜ್ಜನ ಮರಣಪತ್ರ ಸಿಕ್ಕಿ, ಒಂದೇ ಜಿಗಿತಕ್ಕೆ 18ನೇ ಶತಮಾನ ಮುಟ್ಟಿಬಿಡಬಹುದು. ಎಕ್ಸ್‌ಪೋಸಿತೊ, ಸ್ಪೋಸಿತೊ, ದೆಸ್ಪೋಸಿತೊ ಎಂಬ ಬರಹಗಳನ್ನೂ ಬಿಡದೆ ನೋಡಿ. ಗುಮಾಸ್ತನ ಕಿವಿಗೆ ಬಿದ್ದಂತೆ ಕಾಗುಣಿತ.

ಅಲ್ಲಿಂದಾಚೆ ಚರ್ಚಿನ ಪುಸ್ತಕಗಳು. 1563ರಲ್ಲಿ ಮುಗಿದ, ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯ ನಂತರ ಜ್ಞಾನಸ್ನಾನ, ಮದುವೆಗಳನ್ನು ಬರೆದಿಡುವುದು ಪಾದ್ರಿಗಳಿಗೆ ಕಡ್ಡಾಯವಾಯಿತು. ಕೊನೆಯ ಮೆಟ್ಟಿಲು ಅನ್ನುನ್ಸಿಯಾತಾದ ಸ್ವಂತ ದಫ್ತರಗಳು. ಅಲ್ಲಿ ವರ್ಷದ ಅಂದಾಜು, ಕೂಸಿನ ಮೊದಲ ಹೆಸರು ಇಲ್ಲದೆ ಕೇಳಿದರೆ ಪ್ರಯೋಜನವಿಲ್ಲ. ನಮೂದು ಸಿಕ್ಕರೂ ಹೆತ್ತವರ ಹೆಸರು ಸಿಗುವುದು ತೀರಾ ಅಪರೂಪ, ಆ ಉರುಳೆಯನ್ನು ಮಾಡಿದ್ದೇ ಅದು ಸಿಗದಿರಲೆಂದು. ಬಿಳಿ ಬಟ್ಟೆ, ಇಷ್ಟು ದಿನದ ಕೂಸು, ಚೀಟಿ ಇಲ್ಲ ಎಂಬಷ್ಟೇ ಇರಬಹುದು. ಅಷ್ಟು ಸಿಕ್ಕರೆ ಅದರ ನಕಲನ್ನೇ ಚೌಕಟ್ಟು ಹಾಕಿಸಿ ಮೊಮ್ಮಗುವಿಗೆ ಕೊಡಿ. ಆ ಲಾಂಛನಕ್ಕಿಂತ ಎಷ್ಟೋ ಮೇಲು.

ಕೊನೆಯ ಪ್ರಶ್ನೆಗೆ: ಅವಕಾಶವಿದೆ. ಇಟಲಿಯ ಸಂವಿಧಾನ ನ್ಯಾಯಾಲಯ 2022ರಲ್ಲಿ ಕೊಟ್ಟ 131ನೇ ತೀರ್ಪಿನ ಪ್ರಕಾರ ಮಗುವಿಗೆ ತಂದೆತಾಯಿ ಇಬ್ಬರ ಅಡ್ಡಹೆಸರೂ ಬರುತ್ತದೆ. ಯಾವುದು ಮೊದಲು ಎಂಬುದನ್ನು ಅವರೇ ಮಾತಾಡಿಕೊಳ್ಳಬೇಕು. ಇಬ್ಬರೂ ಒಪ್ಪಿದರೆ ಒಂದೇ ಹೆಸರು ಸಾಕೆಂದೂ ಬರೆಸಬಹುದು. ಜನನ ನೋಂದಣಿಗೆ ಹೋಗುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಲು ಮಗಳಿಗೆ ಹೇಳಿ. ಆಮೇಲೆ ಬದಲಿಸುವುದು ದೊಡ್ಡ ಅಲೆದಾಟ.